ಪೊಲ್ಯೂಷನ್ ಬೋರ್ಡ್ ಕೊಡುವ ಕಾಗದದಲ್ಲಿ ಏನಿರುತ್ತದೆ?

ಶೆಡ್ ಬಾಡಿಗೆಗೆ ಕೊಡುವ ಮಾಲೀಕ ಕೇಳುತ್ತಾನೆ. ಸಾಲ ಕೊಡುವ ಬ್ಯಾಂಕಿನವರು ಕೇಳುತ್ತಾರೆ. ದೊಡ್ಡ ಕಂಪನಿಯ ಆರ್ಡರ್ ಹಿಡಿಯಲು ಹೋದರೆ ಅವರ ಆಡಿಟ್‌ನವರೂ ಕೇಳುತ್ತಾರೆ: "ಪೊಲ್ಯೂಷನ್ ಎನ್‌ಒಸಿ ಇದೆಯಾ?" ಫೈಲಿನಿಂದ ಒಂದು ಜೆರಾಕ್ಸ್ ತೆಗೆದುಕೊಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಕೊಟ್ಟವರು ಅದನ್ನು ಓದಿರುವುದಿಲ್ಲ, ಇಸಿದುಕೊಂಡವರೂ ಓದುವುದಿಲ್ಲ.

ಓದಬೇಕಾದ ಕಾಗದ ಅದು. ಕಾರ್ಖಾನೆ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರ. ದಿನಕ್ಕೆ ಎಷ್ಟು ನೀರು ಬಳಸಬಹುದು, ತಿಂಗಳಿಗೆ ಎಷ್ಟು ಸರಕು ತಯಾರಿಸಬಹುದು, ಚಿಮಣಿ ಎಷ್ಟು ಎತ್ತರ ಇರಬೇಕು, ಇಟಿಪಿಯ (ತ್ಯಾಜ್ಯನೀರು ಸಂಸ್ಕರಿಸುವ ಘಟಕದ) ಕೆಸರನ್ನು ಎಲ್ಲಿಗೆ ಕಳಿಸಬೇಕು ಎಂಬುದೆಲ್ಲ ಅದರಲ್ಲಿ ಅಂಕಿ ಸಮೇತ ಇರುತ್ತದೆ. ನನ್ನ ಪ್ರಕಾರ ಸಣ್ಣ ಉದ್ಯಮಗಳ ತಲೆನೋವು ಜಾಸ್ತಿ ಶುರುವಾಗುವುದು ಇಲ್ಲಿಯೇ. ಕಾರ್ಖಾನೆ ಬೆಳೆದಿರುತ್ತದೆ, ಕಾಗದ ಮಾತ್ರ ಹಳೆಯ ಅಳತೆಯಲ್ಲೇ ನಿಂತಿರುತ್ತದೆ.

ಇಡೀ ವ್ಯವಸ್ಥೆಯನ್ನು ಒಂದೇ ಘಟಕ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಶಾಪ್ ಇದೆ ಅಂದುಕೊಳ್ಳಿ. ಬೋಲ್ಟು, ಹ್ಯಾಂಡಲ್, ವಾಹನದ ಬಿಡಿಭಾಗಗಳಿಗೆ ಕ್ರೋಮ್, ನಿಕಲ್, ಸತು ಹಾಕಿಕೊಡುವುದು ಅವರ ಕಸುಬು. 40 ಜನ ಕೆಲಸಗಾರರು. ಪ್ಲೇಟಿಂಗನ್ನೇ ಯಾಕೆ ಆರಿಸಿದೆ ಅಂದರೆ ಜಾಗ ಸಣ್ಣದು, ನೀರು ಕಡಿಮೆ, ಆದರೆ ಆ ನೀರಿನಲ್ಲಿ ಇರುವುದು ಕ್ರೋಮಿಯಂ ಮತ್ತು ಸೈನೈಡ್. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವ ಸಂಗತಿ ಹಳೆಯದು. ಅಂಥ ಬೋರ್‌ವೆಲ್ ನೀರನ್ನು ಸರಿಪಡಿಸುವುದು ಬಲು ಕಷ್ಟ.

ಕಾಯ್ದೆ ಮೂರು, ಕಚೇರಿ ಒಂದು

ಮೂರು ಕಾಯ್ದೆಗಳ ಹೆಸರು ಗೊತ್ತಿದ್ದರೆ ಸಾಕು. 1974ರ ಜಲ ಮಾಲಿನ್ಯ ಕಾಯ್ದೆ, 1981ರ ವಾಯು ಮಾಲಿನ್ಯ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ. ಮೂರನೆಯದು ಬಂದದ್ದು 1984ರ ಡಿಸೆಂಬರಿನ ಭೋಪಾಲ್ ಅನಿಲ ದುರಂತದ ನಂತರ. ಅಪಾಯಕಾರಿ ತ್ಯಾಜ್ಯದ ನಿಯಮ, ಹೊರಬಿಡುವ ನೀರಿನ ಮಾನದಂಡ, ಪರಿಸರ ಪರಿಣಾಮದ ಅಧಿಸೂಚನೆ ಎಲ್ಲವೂ ಇದರ ಕೆಳಗೇ ಬರುತ್ತವೆ.

ನಮ್ಮಲ್ಲಿ ಇವನ್ನು ಜಾರಿ ಮಾಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅದು 1974ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಮುಖ್ಯ ಕಚೇರಿ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪರಿಸರ ಭವನ. ಆದರೆ ಕಾರ್ಖಾನೆಯವರಿಗೆ ದಿನನಿತ್ಯದ ವ್ಯವಹಾರ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಯ ಜೊತೆ. ಅರ್ಜಿ ಹಾಕುವುದು ಈಗ ಆನ್‌ಲೈನ್‌ನಲ್ಲಿ.

ಮಂಡಳಿಯಿಂದ ಎರಡು ಹಂತದಲ್ಲಿ ಸಮ್ಮತಿ ಪಡೆಯಬೇಕು. ಮೊದಲನೆಯದು ಸ್ಥಾಪನಾ ಸಮ್ಮತಿ, ಎಲ್ಲರ ಬಾಯಲ್ಲಿ ಸಿಎಫ್‌ಇ. ಎರಡನೆಯದು ಕಾರ್ಯಾಚರಣೆ ಸಮ್ಮತಿ, ಅಂದರೆ ಸಿಎಫ್‌ಒ. ಸಿಎಫ್‌ಇ ಇಲ್ಲದೆ ಕಾರ್ಖಾನೆ ಕಟ್ಟುವ ಹಾಗಿಲ್ಲ. ಕಟ್ಟುವುದಿರಲಿ, ಕಟ್ಟಲು "ಯಾವುದೇ ಹೆಜ್ಜೆ" ಇಡುವ ಹಾಗಿಲ್ಲ ಎನ್ನುತ್ತದೆ ಜಲ ಕಾಯ್ದೆಯ 25ನೇ ಸೆಕ್ಷನ್. ಪಾಯ ತೆಗೆದು, ಮಷೀನ್ ಇಳಿಸಿ, ಆಮೇಲೆ ಅರ್ಜಿ ಹಾಕುವವರು ಇದ್ದಾರಲ್ಲ, ಅವರು ಅರ್ಜಿಯ ದಿನವೇ ಉಲ್ಲಂಘನೆಯಲ್ಲಿರುತ್ತಾರೆ.

ಬಣ್ಣ ನೋಡಿ, ಆಮೇಲೆ ಜಾಗ ನೋಡಿ

ಎಲ್ಲ ಉದ್ಯಮಗಳಿಗೂ ಒಂದೇ ಬಿಗಿ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳಿಗೆ ಬಣ್ಣ ಹಚ್ಚಿದೆ. 2016ರಲ್ಲಿ ಅದಕ್ಕೊಂದು ಅಂಕ ಪದ್ಧತಿ ಬಂತು. ಗಾಳಿಗೆ 40, ನೀರಿಗೆ 40, ಅಪಾಯಕಾರಿ ತ್ಯಾಜ್ಯಕ್ಕೆ 20, ಒಟ್ಟು 100. ಅದರಲ್ಲಿ 60 ಮತ್ತು ಮೇಲೆ ಬಂದರೆ ಕೆಂಪು, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, 20ರವರೆಗೆ ಬಿಳಿ. 2025ರಲ್ಲಿ ಕೇಂದ್ರ ಮಂಡಳಿ ಈ ಲೆಕ್ಕವನ್ನು ಮತ್ತೆ ಹಾಕಿತು. ಕಸ ವಿಲೇವಾರಿಯಂಥ ಪರಿಸರಕ್ಕೆ ಬೇಕೇಬೇಕಾದ ಸೇವೆಗಳಿಗೆ ನೀಲಿ ಎಂಬ ಹೊಸ ವರ್ಗವನ್ನೂ ಸೇರಿಸಿತು.

2016ರ ಪಟ್ಟಿಯಲ್ಲಿ ಡಿಸ್ಟಿಲರಿ, ಸಕ್ಕರೆ ಕಾರ್ಖಾನೆ, ಸಿಮೆಂಟ್ ಕೆಂಪು. ಜಲ್ಲಿ ಕ್ರಷರ್, ಕಾಫಿ ಬೀಜದ ಸಂಸ್ಕರಣೆ ಕಿತ್ತಳೆ. ಒಣ ಹಿಟ್ಟಿನ ಗಿರಣಿ ಹಸಿರು. ಸೈಕಲ್ ಜೋಡಿಸುವ ಘಟಕ ಬಿಳಿ. ಬಿಳಿಯವರಿಗೆ ಸಮ್ಮತಿಯ ಗೊಡವೆಯೇ ಇಲ್ಲ, ಮಂಡಳಿಗೆ ತಿಳಿಸಿದರೆ ಆಯಿತು. ನಮ್ಮ ಪ್ಲೇಟಿಂಗ್ ಶಾಪ್ ಕೆಂಪು. ಎರಡು ತೊಟ್ಟಿ ಇಟ್ಟುಕೊಂಡ ಗ್ಯಾರೇಜಿನಷ್ಟು ಸಣ್ಣದಾದರೂ ಕೆಂಪೇ. ಬಣ್ಣ ತೀರ್ಮಾನವಾಗುವುದು ಕಸುಬಿನಿಂದ, ಘಟಕದ ಗಾತ್ರದಿಂದ ಅಲ್ಲ.

ಜಾಗದ ವಿಷಯ ಚುಟುಕಾಗಿ ಹೇಳುತ್ತೇನೆ, ಆದರೆ ದುಡ್ಡು ಮುಳುಗುವುದು ಇಲ್ಲಿಯೇ. ಕೆಂಪು ಉದ್ಯಮಕ್ಕೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ಪ್ಲಾಟ್ ಅಥವಾ ಕೈಗಾರಿಕಾ ಬಳಕೆಗೆಂದು ಪರಿವರ್ತನೆಯಾದ ಭೂಮಿಯೇ ಬೇಕು. ಕೆಲವು ಕಡೆ ಅದಿದ್ದರೂ ಆಗುವುದಿಲ್ಲ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಹರಿದುಬರುವ ಅರ್ಕಾವತಿ, ಕುಮುದ್ವತಿ ಪ್ರದೇಶಕ್ಕೆ 2003ರಲ್ಲಿ ಸರ್ಕಾರ ವಲಯವಾರು ನಿರ್ಬಂಧ ಹಾಕಿದೆ. ಕರಾವಳಿಯಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧ ಇದೆ. ಸೈಟ್ ಕೊಳ್ಳುವ ಮುಂಚೆ ಸರ್ವೆ ನಂಬರ್ ಹಿಡಿದುಕೊಂಡು ಪ್ರಾದೇಶಿಕ ಕಚೇರಿಗೆ ಒಮ್ಮೆ ಹೋಗಿಬಂದರೆ ಖರ್ಚು ಆಟೋ ಚಾರ್ಜಿನಷ್ಟೇ. ಅದನ್ನು ಉಳಿಸಲು ಹೋಗಿ ಲಕ್ಷಗಟ್ಟಲೆ ಕಳೆದುಕೊಳ್ಳುವುದು ಯಾಕೆ ಬೇಕು ಹೇಳಿ.

ನೀರಿನ ಲೆಕ್ಕ ಎಂಬ ಒಂದು ಪುಟ

ಸಿಎಫ್‌ಇ ಅರ್ಜಿಯಲ್ಲಿ ಜಾಗದ ದಾಖಲೆ, ಬಂಡವಾಳದ ಬಗ್ಗೆ ಸಿಎ ಸರ್ಟಿಫಿಕೇಟ್ (ಶುಲ್ಕ ಬಂಡವಾಳದ ಮೇಲೆ ನಿಂತಿದೆ), ತಯಾರಿಕೆಯ ಹಂತಗಳು, ಇಂಧನ, ಕಚ್ಚಾವಸ್ತು ಎಲ್ಲವನ್ನೂ ಕೇಳುತ್ತಾರೆ. ಇವುಗಳಲ್ಲಿ ಜೀವ ಇರುವ ಪುಟ ಒಂದೇ, ವಾಟರ್ ಬ್ಯಾಲೆನ್ಸ್. ಒಳಗೆ ಬಂದ ನೀರು ಎಲ್ಲೆಲ್ಲಿ ಹೋಯಿತು ಎಂಬ ಲೆಕ್ಕ.

ನಮ್ಮ ಶಾಪಿಗೆ ದಿನಕ್ಕೆ 10 ಕೆಎಲ್‌ಡಿ ಬೇಕು ಅಂದುಕೊಳ್ಳಿ. ಒಂದು ಕೆಎಲ್‌ಡಿ ಅಂದರೆ ದಿನಕ್ಕೆ ಸಾವಿರ ಲೀಟರ್. ಅದರಲ್ಲಿ 7 ಸಾವಿರ ಲೀಟರ್ ಪ್ಲೇಟಿಂಗ್ ಆದ ಸರಕನ್ನು ಜಾಲಿಸುವ ತೊಟ್ಟಿಗಳಿಗೆ. ಸಾವಿರ ಲೀಟರ್ ಸ್ಕ್ರಬ್ಬರ್‌ಗೆ (ಆಸಿಡ್ ಮಂಜನ್ನು ನೀರಿನಿಂದ ತೊಳೆಯುವ ಉಪಕರಣ) ಮತ್ತು ಆವಿಯಾಗಿ ಹೋಗುವುದಕ್ಕೆ. ಉಳಿದ 2 ಸಾವಿರ ಕೆಲಸಗಾರರ ಬಳಕೆಗೆ. ತಲೆಗೆ 45 ಲೀಟರ್ ಎಂಬ ರೂಢಿಯ ಲೆಕ್ಕದಲ್ಲಿ 40 ಜನಕ್ಕೆ 1,800 ಲೀಟರ್, ಹಾಗಾಗಿ ಸರಿಹೋಗುತ್ತದೆ. ಅಂದರೆ ಇಟಿಪಿ ದಿನಕ್ಕೆ ಕನಿಷ್ಠ 7 ಸಾವಿರ ಲೀಟರ್ ಸಂಸ್ಕರಿಸುವಷ್ಟಾದರೂ ಇರಬೇಕು.

ಮೇಲ್ನೋಟಕ್ಕೆ ಸುಮ್ನೆ ಕೂಡು-ಕಳೆ ಲೆಕ್ಕ. ಆದರೆ ಮಂಡಳಿಯ ಎಂಜಿನಿಯರ್ ನಿಮ್ಮನ್ನು ಅಳೆಯುವುದು ಇದರಿಂದಲೇ. ನೀರಿನ ಮೀಟರ್ ಒಂದು ಹೇಳುತ್ತದೆ, ಇಟಿಪಿಯ ಕರೆಂಟ್ ಮೀಟರ್ ಇನ್ನೊಂದು ಹೇಳುತ್ತದೆ, ತರಿಸಿದ ರಾಸಾಯನಿಕದ ಬಿಲ್ಲು ಮೂರನೆಯದು ಹೇಳುತ್ತದೆ. ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ಎಲ್ಲೋ ಒಂದು ಪೈಪು ಮಳೆನೀರಿನ ಚರಂಡಿಗೆ ಹೋಗಿದೆ ಎಂದೇ ಅರ್ಥ. ಅನುಭವಿ ಅಧಿಕಾರಿಗಳು ನೀರಿನ ಸ್ಯಾಂಪಲ್‌ಗಿಂತ ಮೊದಲು ಲಾಗ್‌ಬುಕ್ ಕೇಳುವುದು ಅದಕ್ಕೇ.

ಇಲ್ಲೊಂದು ಮಾತು. ಮಾಲಿನ್ಯ ನಿಯಂತ್ರಣ ಅಂದ ಕೂಡಲೇ ಎಲ್ಲರೂ ಇಟಿಪಿ ಸಪ್ಲೈ ಮಾಡುವವರನ್ನು ಹುಡುಕುತ್ತಾರೆ. ಅಗ್ಗದ ಉಪಾಯ ಇರುವುದು ತೊಟ್ಟಿಯ ಬಳಿಯಲ್ಲೇ. ಸರಕು ತೂಗುಹಾಕಿದ ಜಿಗ್ ಅನ್ನು ಕ್ರೋಮ್ ತೊಟ್ಟಿಯಿಂದ ಎತ್ತಿದ ಮೇಲೆ ಅಲ್ಲೇ ಕೆಲವು ಸೆಕೆಂಡ್ ಹಿಡಿದು ದ್ರಾವಣ ಸೋರಿ ವಾಪಸ್ ತೊಟ್ಟಿಗೇ ಬೀಳಲು ಬಿಟ್ಟರೆ, ಜಾಲಿಸುವ ನೀರಿಗೆ ಹೋಗುವ ಕ್ರೋಮಿಯಂ ಗಣನೀಯವಾಗಿ ಇಳಿಯುತ್ತದೆ. ಒಂದೇ ತೊಟ್ಟಿಯಲ್ಲಿ ನಲ್ಲಿ ಬಿಟ್ಟು ಜಾಲಿಸುವ ಬದಲು ಎರಡು ಮೂರು ತೊಟ್ಟಿ ಸಾಲಾಗಿಟ್ಟು, ಹೊಸ ನೀರು ಕೊನೆಯ ತೊಟ್ಟಿಗೆ ಬಂದು ಹಿಂದಕ್ಕೆ ಹರಿಯುವಂತೆ ಮಾಡಿದರೆ ನೀರೂ ಬಹಳ ಉಳಿಯುತ್ತದೆ. ಪೀಸ್ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಜಿಗ್ ಹಿಡಿದು ನಿಲ್ಲುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ಅದೇ ತೊಂದರೆ.

ಹಳದಿ ನೀರು ಹಸಿರಾಗುವ ಬಗೆ

ಈಗ ಇಟಿಪಿಗೆ ಬರೋಣ. ಕ್ರೋಮ್ ತೊಟ್ಟಿಯ ಜಾಲಿಸಿದ ನೀರು ಹಳದಿ ಬಣ್ಣದ್ದು. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಕ್ಯಾನ್ಸರ್ ತರುವ ವಸ್ತು, ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಹಾಗಾಗಿ ನೆಲದೊಳಗೂ ಸಲೀಸಾಗಿ ಇಳಿಯುತ್ತದೆ. ಸುಣ್ಣ ಹಾಕಿದರೂ ಅದು ತಳಕ್ಕೆ ಕೂರುವುದಿಲ್ಲ.

ಆದ್ದರಿಂದ ಮೊದಲು ಆ ನೀರಿಗೆ ಆಸಿಡ್ ಹಾಕಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಅನ್ನು 2ರಿಂದ 3ಕ್ಕೆ ಇಳಿಸುತ್ತಾರೆ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್. ಕಣ್ಣೆದುರೇ ಹಳದಿ ಹೋಗಿ ಹಸಿರು ಬರುತ್ತದೆ. ಅಂದರೆ ಕ್ರೋಮಿಯಂ ಟ್ರೈವೇಲೆಂಟ್ ರೂಪಕ್ಕೆ ತಿರುಗಿತು. ಈಗ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 8ರಿಂದ 9ಕ್ಕೆ ಏರಿಸಿದರೆ ಅದು ಹಸಿರು ಕೆಸರಾಗಿ ಕೂರುತ್ತದೆ. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ ಹಪ್ಪಳದಂಥ ಕೇಕ್ ತೆಗೆಯುತ್ತಾರೆ. ಪಿಎಚ್ ಇಳಿಸದೆ ಮೆಟಾಬೈಸಲ್ಫೈಟ್ ಸುರಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ರಾಸಾಯನಿಕದ ದುಡ್ಡೂ ದಂಡ. ನಿಕಲ್ ಚೆನ್ನಾಗಿ ಕೂರಲು ಪಿಎಚ್ 10ರ ಆಸುಪಾಸು ಬೇಕು. ಹೀಗಾಗಿ ಎಲ್ಲವನ್ನೂ ಒಂದೇ ಟ್ಯಾಂಕಿಗೆ ಸುರಿದು ಒಂದೇ ಸಲ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ.

ಸೈನೈಡ್ ಬಳಸುವ ತೊಟ್ಟಿಯ ನೀರಂತೂ ಬೇರೆ ಪೈಪಿನಲ್ಲೇ ಬರಬೇಕು. ಅದು ಆಸಿಡ್ ನೀರಿಗೆ ಸೇರಿದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ, ಅಲ್ಲಿ ನಿಂತವರ ಪ್ರಾಣಕ್ಕೇ ಸಂಚಕಾರ. ಆ ನೀರಿಗೆ ಪಿಎಚ್ 10ಕ್ಕಿಂತ ಮೇಲೆ ಇಟ್ಟು ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಹಾಕುವುದು ಕ್ರಮ. ಸಮ್ಮತಿ ಪತ್ರದಲ್ಲಿ "ಸೈನೈಡ್ ನೀರನ್ನು ಪ್ರತ್ಯೇಕಿಸಬೇಕು" ಎಂಬಂಥ ಒಂದು ಸಾಲು ಕಂಡರೆ ಅದು ಗುಮಾಸ್ತರ ಮಾತಲ್ಲ, ಜೀವದ ಮಾತು.

ಇಷ್ಟೆಲ್ಲ ಆದ ಮೇಲೆ ಹೊರಬರುವ ನೀರು ಎಷ್ಟು ಶುದ್ಧ ಇರಬೇಕು? ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ, ಸೈನೈಡ್ 0.2 ಮಿಲಿಗ್ರಾಂ. ಬೇರೆ ಲೆಕ್ಕದಲ್ಲಿ ಹೇಳುವುದಾದರೆ 10 ಸಾವಿರ ಲೀಟರಿನ ಒಂದು ಟ್ಯಾಂಕರ್ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಒಂದು ಗ್ರಾಂಗಿಂತ ಜಾಸ್ತಿ ಇರಬಾರದು. ಸಾವಯವ ತ್ಯಾಜ್ಯ ಬರುವ ಉದ್ಯಮಗಳಿಗೆ ಸುದ್ದಿಯಲ್ಲಿರುವುದು ಬಿಒಡಿ, ಸಿಒಡಿ. ನೀರಿನಲ್ಲಿರುವ ಕೊಳೆ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂಬ ಅಳತೆಗಳಿವು. ನದಿ, ಹಳ್ಳಕ್ಕೆ ಬಿಡುವುದಾದರೆ ಸಾಮಾನ್ಯ ಮಾನದಂಡದಲ್ಲಿ ಬಿಒಡಿ 30, ಸಿಒಡಿ 250, ತೇಲುವ ಘನವಸ್ತು 100 ಮಿಲಿಗ್ರಾಂ. ಸಕ್ಕರೆಯಂಥ ಉದ್ಯಮಗಳಿಗೆ ಅವುಗಳದೇ ಬೇರೆ ಪಟ್ಟಿ ಇದೆ. 2016ರ ನಿಯಮದಂತೆ ಸಕ್ಕರೆ ಕಾರ್ಖಾನೆ ಅರೆದ ಪ್ರತಿ ಟನ್ ಕಬ್ಬಿಗೆ 200 ಲೀಟರಿಗಿಂತ ಹೆಚ್ಚು ತ್ಯಾಜ್ಯನೀರು ಬಿಡುವ ಹಾಗಿಲ್ಲ.

ಕೆಲವರಿಗೆ ಹೊರಗೆ ಒಂದು ಹನಿಯನ್ನೂ ಬಿಡಬಾರದು ಎಂಬ ಷರತ್ತು ಬರುತ್ತದೆ. ಅದೇ ಝಡ್‌ಎಲ್‌ಡಿ. ಆರ್‌ಒ ಹಾಕಿ ನೀರು ವಾಪಸ್ ತೆಗೆದು, ಉಳಿದ ಉಪ್ಪುನೀರನ್ನು ಎವಾಪೊರೇಟರಿನಲ್ಲಿ ಕುದಿಸಿ ಉಪ್ಪು ಮಾಡುವುದು. ಕಾಗದದ ಮೇಲೆ ಚಂದ. ಆದರೆ ಕುದಿಸಲು ಇಂಧನ ಬೇಕು, ಇಂಧನ ಉರಿದರೆ ಹೊಗೆ, ಕೊನೆಗೆ ಉಳಿಯುವ ಉಪ್ಪೂ ಒಂದು ತ್ಯಾಜ್ಯವೇ. ಸಣ್ಣವರು ತಲಾ ಒಂದೊಂದು ಎವಾಪೊರೇಟರ್ ಇಟ್ಟುಕೊಳ್ಳುವುದಕ್ಕಿಂತ ಒಂದು ಪ್ರದೇಶಕ್ಕೆಲ್ಲ ಸೇರಿ ಸಾಮೂಹಿಕ ಸಂಸ್ಕರಣಾ ಘಟಕ ಚೆನ್ನಾಗಿ ನಡೆಸುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಗಾಳಿಯ ಕಡೆಗೆ ನಮ್ಮ ಶಾಪಿನಲ್ಲಿ ಎರಡೇ ವಿಷಯ. ಕ್ರೋಮ್ ತೊಟ್ಟಿಯಿಂದ ಏಳುವ ಆಸಿಡ್ ಮಂಜಿಗೆ ಹೀರುಕೊಳವೆ ಮತ್ತು ಸ್ಕ್ರಬ್ಬರ್ ಬೇಕು. ಡೀಸೆಲ್ ಜನರೇಟರಿಗೆ ಚಿಮಣಿ ಬೇಕು. ಚಿಮಣಿಯ ಎತ್ತರಕ್ಕೆ ಸೂತ್ರ ಇದೆ: ಕಟ್ಟಡದ ಎತ್ತರಕ್ಕೆ 0.2 × √ಕೆವಿಎ ಮೀಟರ್ ಸೇರಿಸಿ. ಕೆವಿಎ ಅಂದರೆ ಜನರೇಟರಿನ ಸಾಮರ್ಥ್ಯ. 100 ಕೆವಿಎ ಜನರೇಟರ್ ಇದ್ದರೆ ಸೂರಿನ ಮೇಲೆ 2 ಮೀಟರ್, 400 ಕೆವಿಎ ಇದ್ದರೆ 4 ಮೀಟರ್. ಮೇಲೊಂದು ಮಹಡಿ ಕಟ್ಟಿದ ವರ್ಷ ಚಿಮಣಿಯನ್ನೂ ಏರಿಸಬೇಕು ಎನ್ನುವುದು ಯಾರಿಗೂ ನೆನಪಿರುವುದಿಲ್ಲ. ಶಬ್ದಕ್ಕೂ ಮಿತಿ ಇದೆ: ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70 ಡೆಸಿಬೆಲ್. ವಸತಿ ಪ್ರದೇಶದಲ್ಲಿ 55 ಮತ್ತು 45.

ನೀಲಿ ಪ್ರತಿ ವಾಪಸ್ ಬಂತಾ?

ಫಿಲ್ಟರ್ ಪ್ರೆಸ್‌ನಿಂದ ಬಂದ ಹಸಿರು ಕೇಕ್ ಅಪಾಯಕಾರಿ ತ್ಯಾಜ್ಯ. ಅದಕ್ಕೆ 2016ರ ನಿಯಮದಡಿ ಬೇರೆಯೇ ಅಧಿಕಾರ ಪತ್ರ ಬೇಕು. ನೆಲಕ್ಕೆ ಇಂಗದ, ಮಳೆ ಬೀಳದ ಜಾಗದಲ್ಲಿ ಲೇಬಲ್ ಹಚ್ಚಿ ಇಡಬೇಕು. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ವರ್ಷಕ್ಕೆ 10 ಟನ್‌ವರೆಗೆ ತ್ಯಾಜ್ಯ ಬರುವ ಸಣ್ಣವರಿಗೆ ಮಂಡಳಿ 180 ದಿನದವರೆಗೆ ಬಿಡಬಹುದು. ಬೆಂಗಳೂರು ಕಡೆಯ ಇಂಥ ತ್ಯಾಜ್ಯಕ್ಕೆ ದಾಬಸ್‌ಪೇಟೆಯಲ್ಲಿ ವಿಶೇಷ ಭೂಭರ್ತಿ ಘಟಕ ಇದೆ.

ಲಾರಿ ಹೊರಡುವಾಗ ಜೊತೆಗೆ ಹೋಗುವುದು ಮ್ಯಾನಿಫೆಸ್ಟ್, ಅಂದರೆ ಫಾರಂ 10. ಅದಕ್ಕೆ ಏಳು ಪ್ರತಿ, ಏಳು ಬಣ್ಣ. ಬಿಳಿ ಪ್ರತಿ ಕಳಿಸುವವರಿಂದ ಮಂಡಳಿಗೆ. ಹಳದಿ ಪ್ರತಿ ಲಾರಿಯವರ ಸಹಿ ಹಾಕಿಸಿಕೊಂಡು ಕಳಿಸುವವರ ಫೈಲಿಗೆ. ಗುಲಾಬಿ ಸ್ವೀಕರಿಸಿದವರಿಗೆ, ಕಿತ್ತಳೆ ಲಾರಿಯವರಿಗೆ. ಹಸಿರು ಸ್ವೀಕರಿಸಿದವರಿಂದ ಮಂಡಳಿಗೆ. ನೀಲಿ ಸ್ವೀಕರಿಸಿದವರಿಂದ ನಿಮಗೆ ವಾಪಸ್. ಬೇರೆ ರಾಜ್ಯಕ್ಕೆ ಹೋಗುವುದಾದರೆ ಬೂದು ಬಣ್ಣದ್ದು ಕಳಿಸಿದ ರಾಜ್ಯದ ಮಂಡಳಿಗೆ.

ಇವುಗಳಲ್ಲಿ ಕಾರ್ಖಾನೆಯವರನ್ನು ಕಾಪಾಡುವುದು ನೀಲಿ. ಸರಕು ಸೇರಬೇಕಾದ ಜಾಗಕ್ಕೇ ಸೇರಿತು ಎನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಪುರಾವೆ ಅದೊಂದೇ. ಲಾರಿ ಗೇಟು ದಾಟಿದ ಮೇಲೆ ನನ್ನ ಜವಾಬ್ದಾರಿ ಮುಗಿಯಿತು ಎಂದು ಅಂದುಕೊಂಡರೆ, ಯಾವುದೋ ಊರಿನ ಕೆರೆ ಅಂಗಳದಲ್ಲಿ ನಿಮ್ಮ ಚೀಲ ಸಿಕ್ಕ ದಿನ ಗೊತ್ತಾಗುತ್ತದೆ. ಮಷೀನಿನ ಹಳೆ ಆಯಿಲ್ ಕೂಡ ಇದೇ ಪಟ್ಟಿಯಲ್ಲಿದೆ. ಗಾಡಿ ತಂದು ಕ್ಯಾನಿಗೆ ಇಷ್ಟು ಅಂತ ನಗದು ಕೊಟ್ಟು ಒಯ್ಯುವವನಿಗೆ ಅದನ್ನು ಮಾರುವುದು ಉಲ್ಲಂಘನೆ. ಅಧಿಕೃತ ಮರುಸಂಸ್ಕರಣೆಯವರಿಗೇ ಕೊಡಬೇಕು.

ವರ್ಷಕ್ಕೆ ಎರಡು ದಿನಾಂಕ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಜೂನ್ 30ರೊಳಗೆ ಅಪಾಯಕಾರಿ ತ್ಯಾಜ್ಯದ ವಾರ್ಷಿಕ ಲೆಕ್ಕ, ಫಾರಂ 4. ಸೆಪ್ಟೆಂಬರ್ 30ರೊಳಗೆ ಪರಿಸರ ವಿವರ ಪತ್ರ, ಫಾರಂ 5.

ದೊಡ್ಡವರ ದಾರಿ ಬೇರೆ

ಉಕ್ಕು, ಸಿಮೆಂಟ್, ವಿದ್ಯುತ್ ಸ್ಥಾವರ, ಔಷಧ ರಾಸಾಯನಿಕದಂಥ ದೊಡ್ಡ ಯೋಜನೆಗಳಿಗೆ ಮಂಡಳಿಯ ಸಮ್ಮತಿಗೂ ಮುಂಚೆ ಪರಿಸರ ಅನುಮತಿ ಬೇಕು. ಅದರ ಬುಡ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಎ ವರ್ಗದ ಯೋಜನೆಗಳ ಅರ್ಜಿ ದೆಹಲಿಯ ಪರಿಸರ ಸಚಿವಾಲಯಕ್ಕೆ, ಬಿ ವರ್ಗದ್ದು ರಾಜ್ಯದ ಪ್ರಾಧಿಕಾರಕ್ಕೆ. ಇದರಲ್ಲಿ ಊರವರಿಗೆ ಸಂಬಂಧಿಸಿದ್ದು ಸಾರ್ವಜನಿಕ ಅಹವಾಲು ಸಭೆ. ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ, ಏರ್ಪಾಡು ಮಂಡಳಿಯದು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿಹೇಳಬೇಕು. ಕೋರಂ ಇಲ್ಲ, ಮತದಾನವೂ ಇಲ್ಲ. ಹೀಗಾಗಿ ಅಲ್ಲಿ ಜೋರಾಗಿ ಕೂಗಿದ್ದಕ್ಕಿಂತ ಬರೆದುಕೊಟ್ಟ ನಿರ್ದಿಷ್ಟ ಆಕ್ಷೇಪಕ್ಕೆ ಬೆಲೆ ಜಾಸ್ತಿ. "ನಮಗೆ ಬೇಡ" ಎನ್ನುವುದು ಒಂದು ಸಾಲು. "ನಮ್ಮೂರ ಕೆರೆಯನ್ನು ವರದಿಯ ನಕಾಶೆಯಲ್ಲಿ ತೋರಿಸಿಲ್ಲ" ಎನ್ನುವುದಕ್ಕೆ ಕಂಪನಿ ಉತ್ತರ ಕೊಡಲೇಬೇಕು.

ಕಾಗದ ಮತ್ತು ಕಾರ್ಖಾನೆ ಬೇರೆಯಾದಾಗ

ನಮ್ಮ ಶಾಪಿಗೆ ಸಿಎಫ್‌ಒ ಸಿಕ್ಕಿತು. ಕೆಂಪು ವರ್ಗಕ್ಕೆ 5 ವರ್ಷ, ಕಿತ್ತಳೆಗೆ 10, ಹಸಿರಿಗೆ 15 ಎನ್ನುವುದು ಬಹುಕಾಲದ ರೂಢಿ. ಅವಧಿ, ಶುಲ್ಕದ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ನಿಮ್ಮ ಆದೇಶದ ಮೇಲಿರುವ ದಿನಾಂಕವೇ ನಿಮಗೆ ಕಾನೂನು. ಎರಡು ವರ್ಷ ಚೆನ್ನಾಗಿ ನಡೆಯುತ್ತದೆ. ಹೊಸ ಆರ್ಡರ್ ಬರುತ್ತದೆ, ಪಕ್ಕದಲ್ಲಿ ಇನ್ನೊಂದು ನಿಕಲ್ ಲೈನ್ ಹಾಕುತ್ತಾರೆ. ನೀರು 10ರಿಂದ 16 ಕೆಎಲ್‌ಡಿ ಆಗುತ್ತದೆ. ಇಟಿಪಿ ಅದೇ ಹಳೆಯದು. ಮಾಲೀಕರ ದೃಷ್ಟಿಯಲ್ಲಿ ಇದು ಬೆಳವಣಿಗೆ. ಕಾಯ್ದೆಯ ದೃಷ್ಟಿಯಲ್ಲಿ ಸಿಎಫ್‌ಇ ಇಲ್ಲದ ವಿಸ್ತರಣೆ. ಹೊಸ ಲೈನಿನ ಕೊಟೇಶನ್ ತೆಗೆದುಕೊಳ್ಳುವ ದಿನವೇ ಇಟಿಪಿಯ ಲೆಕ್ಕವನ್ನೂ ಮತ್ತೆ ಹಾಕಬೇಕು.

"ನಾಲ್ಕು ತಿಂಗಳಲ್ಲಿ ಉತ್ತರ ಬರದಿದ್ದರೆ ಸಮ್ಮತಿ ಸಿಕ್ಕಂತೆಯೇ" ಎನ್ನುವ ಮಾತನ್ನು ನೀವೂ ಕೇಳಿರಬಹುದು. ಸುಳ್ಳಲ್ಲ. ಜಲ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಅದಿದೆ. ಆದರೆ ಗಡಿಯಾರ ಶುರುವಾಗುವುದು ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿಯಿಂದ. ಮಂಡಳಿ ಕೇಳಿದ ಒಂದು ದಾಖಲೆ ಬಾಕಿ ಇದ್ದರೂ ನಿಮ್ಮ ನಾಲ್ಕು ತಿಂಗಳು ಶುರುವೇ ಆಗಿಲ್ಲ. ವಾಯು ಕಾಯ್ದೆಯಲ್ಲಂತೂ ನಾಲ್ಕು ತಿಂಗಳಲ್ಲಿ ತೀರ್ಮಾನಿಸಬೇಕು ಎಂದಿದೆ, ತಾನಾಗಿ ಸಿಕ್ಕಿತು ಎಂದಿಲ್ಲ. ಇದನ್ನು ನಂಬಿ ಕಾರ್ಖಾನೆ ಶುರು ಮಾಡಬೇಡಿ.

ಅಧಿಕಾರಿ ತಪಾಸಣೆಗೆ ಬಂದರೆ ಸ್ಯಾಂಪಲ್ ತೆಗೆಯುತ್ತಾರೆ. ಕೋರ್ಟಿನಲ್ಲಿ ನಿಲ್ಲುವ ಸ್ಯಾಂಪಲ್‌ಗೆ ಜಲ ಕಾಯ್ದೆಯ 21ನೇ ಸೆಕ್ಷನ್ನಿನ ಕ್ರಮ ಇದೆ. ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು, ಅವರ ಎದುರಿಗೆ ಸ್ಯಾಂಪಲ್ ಎರಡು ಭಾಗ ಮಾಡಬೇಕು, ಎರಡಕ್ಕೂ ಸೀಲ್ ಹಾಕಿ ಸಹಿ ಮಾಡಬೇಕು. ಒಂದು ಮಂಡಳಿಯ ಲ್ಯಾಬಿಗೆ. ನೀವು ಕೇಳಿಕೊಂಡರೆ ಇನ್ನೊಂದು ರಾಜ್ಯ ಸರ್ಕಾರ ಗೊತ್ತುಪಡಿಸಿದ ಲ್ಯಾಬಿಗೆ. ಮುನಿಸಿಕೊಂಡು ಸಹಿ ಹಾಕದೆ ಎದ್ದು ಹೋಗುವವರಿದ್ದಾರೆ. ಎರಡನೇ ಭಾಗ ಕೇಳುವ ಹಕ್ಕನ್ನು ಕೈಯಾರೆ ಕಳೆದುಕೊಳ್ಳುವ ದಾರಿ ಅದು.

ವರದಿ ಕೆಟ್ಟರೆ ಮೊದಲು ಕಾರಣ ಕೇಳುವ ನೋಟಿಸ್. ಅದಾದ ಮೇಲೆ ಎಲ್ಲರೂ ಹೆದರುವ 33ಎ. ಕಾರ್ಖಾನೆ ಮುಚ್ಚಿಸಲು, ಕರೆಂಟ್ ಮತ್ತು ನೀರು ಕಡಿತ ಮಾಡಲು ಮಂಡಳಿಗೆ ಅಧಿಕಾರ ಕೊಟ್ಟದ್ದು ಜಲ ಕಾಯ್ದೆಯ ಈ ಸೆಕ್ಷನ್. ವಾಯು ಕಾಯ್ದೆಯಲ್ಲಿ ಅದರ ಜೋಡಿ 31ಎ. ಸಾಮಾನ್ಯವಾಗಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಅನಾಹುತ ತಲೆಯ ಮೇಲಿದ್ದರೆ ಅದೂ ಬೇಕಿಲ್ಲ.

ದುಡ್ಡಿನ ಲೆಕ್ಕ ಇನ್ನೂ ಚುರುಕು. ಪರಿಸರ ಪರಿಹಾರಕ್ಕೆ ಕೇಂದ್ರ ಮಂಡಳಿಯ ಸೂತ್ರ ಹೀಗಿದೆ: ಮಾಲಿನ್ಯ ಸೂಚ್ಯಂಕ × ದಿನಗಳು × ಗಾತ್ರ × ರೂಪಾಯಿ ದರ × ಜಾಗ. ಕೆಂಪಿಗೆ ಸೂಚ್ಯಂಕ 80, ಸಣ್ಣ ಘಟಕಕ್ಕೆ 0.5, ದರ 250 ರೂಪಾಯಿ, ಜನಸಂಖ್ಯೆ ಒಂದು ಕೋಟಿ ದಾಟಿದ ಊರಿಗೆ 2. ನಮ್ಮ ಪೀಣ್ಯದ ಶಾಪಿಗೆ ಹಾಕಿ ನೋಡಿ: ದಿನಕ್ಕೆ 20 ಸಾವಿರ ರೂಪಾಯಿ. ಒಂದು ತಿಂಗಳಿಗೆ 6 ಲಕ್ಷ. ದಿನಗಳನ್ನು ಎಣಿಸುವುದು ಉಲ್ಲಂಘನೆ ಕಂಡ ದಿನದಿಂದ ಅದು ಸರಿಹೋದದ್ದನ್ನು ಪರಿಶೀಲಿಸುವ ದಿನದವರೆಗೆ. ಇಟಿಪಿ ರಿಪೇರಿ ಮಾಡಿಸಿ ಮಂಡಳಿಗೆ ತಿಳಿಸದೆ ಕೂತರೆ ಮೀಟರ್ ಓಡುತ್ತಲೇ ಇರುತ್ತದೆ. ಇಂಥ ಪರಿಹಾರವನ್ನು ಮಂಡಳಿಗಳೇ ವಿಧಿಸಬಹುದು, ಅದಕ್ಕೆ ನಿಯಮ ರೂಪಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಹೇಳಿದೆ.

ಜೈಲಿನ ಮಾತು ಈಚೆಗೆ ಸ್ವಲ್ಪ ಬದಲಾಗಿದೆ. 2023ರ ಜನವಿಶ್ವಾಸ ಕಾಯ್ದೆಯ ಮೂಲಕ ವಾಯು ಮತ್ತು ಪರಿಸರ ಕಾಯ್ದೆಗಳ ಹೆಚ್ಚಿನ ತಪ್ಪುಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ಕಟ್ಟದೆ ಉಳಿಸಿಕೊಂಡರೆ ಜೈಲು ಮತ್ತೆ ಬರುತ್ತದೆ. ಜಲ ಕಾಯ್ದೆಗೂ 2024ರಲ್ಲಿ ಇಂಥದೇ ತಿದ್ದುಪಡಿ ಆಯಿತು. ಆದರೆ ನೀರು ರಾಜ್ಯಗಳ ವಿಷಯವಾದ್ದರಿಂದ ಆಯಾ ವಿಧಾನಮಂಡಲ ಒಪ್ಪಿ ನಿರ್ಣಯ ಮಾಡಿದ ಮೇಲೆಯೇ ಅಲ್ಲಿ ಜಾರಿ. ತಿದ್ದುಪಡಿಗೆ ಮೊದಲಿನ ಜಲ ಕಾಯ್ದೆಯಲ್ಲಿ ಸಮ್ಮತಿಯಿಲ್ಲದೆ ನಡೆಸಿದರೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಸಜೆ ಇದೆ.

ಬೆಳ್ಳಂದೂರಿನ ನೊರೆ ಯಾರದು?

ಇಷ್ಟು ಹೇಳಿದ ಮೇಲೆ ಉದ್ಯಮಿಗಳ ಒಂದು ದೂರನ್ನೂ ಹೇಳಬೇಕು. ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ರಸ್ತೆಯ ಮೇಲೆ ನೊರೆ ಹಾರಿ ಬರುವ ಚಿತ್ರ ಜಗತ್ತೆಲ್ಲ ನೋಡಿತು. 2017ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಿಸಲು ಹೇಳಿತು. ಮಂಡಳಿ ಮುಚ್ಚುವ ಆದೇಶಗಳನ್ನು ಹೊರಡಿಸಿತು. ಆದರೆ ಆ ಕೆರೆಗೆ ಬರುತ್ತಿದ್ದದ್ದು ಮುಖ್ಯವಾಗಿ ಮನೆಗಳ ಕೊಳಚೆ, ಬೆಂಗಳೂರಿನ ಸುಮಾರು ಶೇ 40ರಷ್ಟು ಕೊಳಚೆ. ನೊರೆಯ ಹಿಂದೆ ಬಟ್ಟೆ ಒಗೆಯುವ ಪುಡಿಯ ಪಾತ್ರವೂ ದೊಡ್ಡದು. 2018ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೇ 50 ಕೋಟಿ ರೂಪಾಯಿ ವಿಧಿಸಿತು.

ಒಂದು ಪ್ಲೇಟಿಂಗ್ ಶಾಪಿನ ಕರೆಂಟನ್ನು ಒಂದು ಪತ್ರದಿಂದ ತೆಗೆಸಬಹುದು. ಒಂದು ನಗರದ ಕೊಳಚೆಗೆ ಸ್ವಿಚ್ ಇಲ್ಲ. ಕಾಯ್ದೆ ಇಬ್ಬರಿಗೂ ಒಂದೇ ಆದರೂ ಏಟು ಬೀಳುವುದು ಸುಲಭವಾಗಿ ಸಿಗುವವರ ಮೇಲೆ. ಈ ದೂರು ನ್ಯಾಯವಾದದ್ದೇ. ಹಾಗೆಂದು ಲೀಟರಿಗೆ 0.1 ಮಿಲಿಗ್ರಾಂ ಕ್ರೋಮಿಯಂ ಎನ್ನುವ ಮಿತಿ ಅನ್ಯಾಯ ಆಗುವುದಿಲ್ಲ, ಅಲ್ವಾ? ಮನೆಯ ಕೊಳಚೆಯನ್ನು ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ಹಾಕಿ ಸರಿಮಾಡಬಹುದು. ಕ್ರೋಮಿಯಂ ಕೊಳೆತು ಹೋಗುವ ವಸ್ತುವಲ್ಲ.

ಒಪ್ಪಿಗೆಯಾಗದಿದ್ದರೆ ಎಲ್ಲಿಗೆ ಹೋಗಬೇಕು

ಸಮ್ಮತಿ ನಿರಾಕರಿಸಿದರೆ ಅಥವಾ ಷರತ್ತು ಒಪ್ಪಿಗೆಯಾಗದಿದ್ದರೆ ಜಲ ಕಾಯ್ದೆಯ 28ನೇ ಸೆಕ್ಷನ್ನಿನಡಿ 30 ದಿನದೊಳಗೆ ರಾಜ್ಯದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿಂದ ಮುಂದೆ ಹಸಿರು ನ್ಯಾಯಮಂಡಳಿ. ನಮಗೆ ಅದರ ದಕ್ಷಿಣ ಪೀಠ ಚೆನ್ನೈನಲ್ಲಿದೆ. 33ಎ ಆದೇಶದ ವಿರುದ್ಧವಾದರೆ ನೇರ ನ್ಯಾಯಮಂಡಳಿಗೇ ಹೋಗಬೇಕು. ಆಗದ ಷರತ್ತನ್ನು ಒಪ್ಪಿಕೊಂಡು ಸುಮ್ಮನಿದ್ದು, ಮೂರು ವರ್ಷದ ನಂತರ ನೋಟಿಸ್ ಬಂದಾಗ "ಅದು ಸಾಧ್ಯವೇ ಇರಲಿಲ್ಲ" ಎಂದರೆ ಯಾರೂ ಕೇಳುವುದಿಲ್ಲ. ಆದೇಶ ಕೈಗೆ ಬಂದ ವಾರವೇ ಷರತ್ತುಗಳನ್ನು ಒಂದೊಂದಾಗಿ ಓದಿ, ಅಂಕಿ ತಪ್ಪಿದ್ದರೆ ತಿದ್ದುಪಡಿಗೆ ಬರೆಯಬೇಕು. ಕೆಎಲ್‌ಡಿ ಕಾಲಂನಲ್ಲಿ ಒಂದು ಸೊನ್ನೆ ಬಿಟ್ಟುಹೋದರೂ ಆ ತಪ್ಪು ಮುಂದೆ ನಿಮ್ಮದೇ ಆಗುತ್ತದೆ.

ಪಕ್ಕದ ಊರಿನವರಿಗೂ ಇದರಲ್ಲಿ ಬಾಗಿಲುಂಟು. ಸಮ್ಮತಿಯಲ್ಲಿ ಹಾಕಿದ ಷರತ್ತುಗಳ ರಿಜಿಸ್ಟರನ್ನು ಮಂಡಳಿ ಇಡಬೇಕು, ಸಂಬಂಧಪಟ್ಟವರು ಯಾರೇ ಬಂದು ಕಚೇರಿ ವೇಳೆಯಲ್ಲಿ ಕೇಳಿದರೂ ತೋರಿಸಬೇಕು ಎಂದು 25ನೇ ಸೆಕ್ಷನ್ ಹೇಳುತ್ತದೆ. ಮಂಡಳಿಗೆ 60 ದಿನದ ನೋಟಿಸ್ ಕೊಟ್ಟು ಯಾವ ನಾಗರಿಕರಾದರೂ ನೇರ ಕೋರ್ಟಿಗೆ ದೂರು ಕೊಡಬಹುದು ಎಂದು 49ನೇ ಸೆಕ್ಷನ್ ಹೇಳುತ್ತದೆ. ಹಳ್ಳದ ನೀರು ಬಣ್ಣ ತಿರುಗಿದರೆ ಮೊದಲು ಕೇಳಬೇಕಾದದ್ದು ಮೇಲಿನ ಕಾರ್ಖಾನೆಯ ಸಮ್ಮತಿ ಪತ್ರದ ಪ್ರತಿ. ಅದರಲ್ಲಿ ಎಷ್ಟು ಕೆಎಲ್‌ಡಿ, ಎಲ್ಲಿಗೆ ಬಿಡಬೇಕು ಎಂದು ಬರೆದಿರುತ್ತದೆ. ಹಳ್ಳಕ್ಕೆ ಎಂದು ಬರೆದಿಲ್ಲದಿದ್ದರೆ ದೂರಿನ ಮೊದಲ ಸಾಲು ಅದೇ.